ಮದ್ದು ಸಿಡಿಯುವ ಮುಂಚೆ ಹೆಸರು ಕರೆಯುತ್ತಿದ್ದವರು

ಅವರು ತೀರಿಕೊಂಡರೆಂದು ನನಗೆ ತಿಳಿದದ್ದು ಮಣ್ಣು ಮಾಡಿ ಐದಾರು ದಿನ ಕಳೆದ ಮೇಲೆ. ನಮ್ಮ ಕ್ವಾರಿಯಲ್ಲಿ ಹಿಂದೆ ಕಂಪ್ರೆಸರ್ ನಡೆಸುತ್ತಿದ್ದವನೊಬ್ಬ ತರಕಾರಿ ಅಂಗಡಿಯ ಮುಂದೆ ಸಿಕ್ಕಿ, ಕೈಯಲ್ಲಿದ್ದ ಚೀಲವನ್ನೂ ಕೆಳಗಿಡದೆ, “ಮೇಟಣ್ಣ ಓಗ್ಬುಟ್ರಲ್ಲ ಮೇಡಮ್ಮೋರೇ, ನಿಮ್ಗ ಯಾರೂ ಯೋಳ್ನಿಲ್ವಾ?” ಎಂದ. ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗಾದರೂ ಅನ್ನಿಸುವಂಥ ಸಂಬಂಧವನ್ನು ನಾನು ಉಳಿಸಿಕೊಂಡಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮಕ್ಕಳಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ನಾನು ಬರೆಯಹೊರಟಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಜೋಡಿಸಿಕೊಂಡದ್ದು ಎಂಬುದು ನನಗೇ ಖಾತ್ರಿಯಿಲ್ಲ. ಆ ವರ್ಷಗಳಲ್ಲಿ ದಿನಚರಿ ಬರೆಯುವ ಅಭ್ಯಾಸವಿತ್ತು. ತೆಗೆದು ನೋಡಿದೆ. ಅವರ ಹೆಗಲ ಮೇಲೆ ಸದಾ ಹಸಿರು ಟವಲ್ಲಿತ್ತು ಎಂದು ನಾನು ಆಣೆ ಮಾಡಿ ಹೇಳುತ್ತಿದ್ದೆ. ದಿನಚರಿಯಲ್ಲಿ ಎರಡು ಕಡೆ “ಮೇಟ್ ಅವರ ಕೆಂಪು ಟವಲ್” ಎಂದಿದೆ. ಓದುವವರು ಇದನ್ನು ಗಮನದಲ್ಲಿಟ್ಟುಕೊಂಡೇ ಮುಂದೆ ಹೋಗಬೇಕು.

ತೊಂಬತ್ತರ ದಶಕದ ನಡುವೆ, ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ನಂಜನಗೂಡಿನಿಂದ ನರಸೀಪುರದ ಕಡೆ ಹೋಗುವ ದಾರಿಯಲ್ಲಿ ಒಳಕ್ಕಿದ್ದ ಒಂದು ಕರಿಕಲ್ಲಿನ ಕ್ವಾರಿಯ ಆಫೀಸಿಗೆ ಸೇರಿದ್ದೆ. ಅವರು ಅಲ್ಲಿ ಮೇಟ್. ಕಲ್ಲು ಒಡೆಯುವ ಜಾಗದ ಹೊಣೆ ಮೇಟಿನದು. ಬೆಳಿಗ್ಗೆ ಯಾರೂ ಇಳಿಯುವ ಮುಂಚೆ ಆತ ಬಂಡೆಯನ್ನು ನೋಡಬೇಕು, ಅಪಾಯವಿಲ್ಲ ಎನ್ನಬೇಕು, ಆಮೇಲೆ ಉಳಿದವರು ಇಳಿಯಬೇಕು. ಅವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿದು, ಹಾರೆಯಿಂದ ಬಂಡೆಗೆ ಒಂದೊಂದೇ ಏಟು ಕೊಟ್ಟು, ಪ್ರತಿ ಏಟಿಗೂ ಕಿವಿ ಹತ್ತಿರ ತರುತ್ತಿದ್ದರು. ಗಟ್ಟಿ ಕಲ್ಲು ಗಂಟೆಯ ಹಾಗೆ ದನಿ ಕೊಡುತ್ತದೆ. ಒಳಗೆ ಬಿರುಕು ಬಿಟ್ಟದ್ದು ಡಬ್ಬ ಬಡಿದ ಹಾಗೆ ಕೇಳುತ್ತದೆ. ಆ ಕಲ್ಲಿನ ವಯಸ್ಸು ಎಷ್ಟು ಕೋಟಿ ವರ್ಷ ಎಂದು ನಾನು ಹೇಳಬಲ್ಲವಳಾಗಿದ್ದೆ. ಯಾವುದು ಇವತ್ತು ಮಧ್ಯಾಹ್ನದೊಳಗೆ ಬೀಳುತ್ತದೆ ಎಂದು ಹೇಳಬಲ್ಲವರು ಅವರು.

ಅವರಿಗೆ ಓದು ಬರುತ್ತಿರಲಿಲ್ಲ. ಮದ್ದು ಸಿಡಿಸುವ ಮುಂಚೆ ಎಲ್ಲರೂ ಮರೆಗೆ ಬಂದರೇ ಎಂದು ನೋಡಲು ಬೇರೆ ಕ್ವಾರಿಗಳಲ್ಲಿ ತಲೆ ಎಣಿಸುತ್ತಾರೆ. ಇವರು ಎಣಿಸುತ್ತಿರಲಿಲ್ಲ, ಹೆಸರು ಹಿಡಿದು ಕರೆಯುತ್ತಿದ್ದರು. ಊರಿನ ಲೆಕ್ಕದಲ್ಲಿ: ಮೊದಲು ಬದನವಾಳು ಕಡೆಯವರು, ಆಮೇಲೆ ನರಸೀಪುರದ ಕಡೆಯವರು, ಕೊನೆಗೆ ತಮಿಳುನಾಡಿನಿಂದ ಬಂದವರು. ಹೆಸರು ಬಂದವನು “ಇವ್ನಿ”, ಅಂದರೆ ಇದ್ದೇನೆ, ಎಂದು ಉತ್ತರ ಕೊಟ್ಟು ಅವರ ಮುಂದೆಯೇ ನಡೆದು ಮರೆಗೆ ಹೋಗಬೇಕು. ಸುಮ್ಮನೆ ಎಣಿಸಿದರೆ ಬೇಗ ಆಗುವುದಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಎಣ್ಸದು ಕುರೀನ ಕನವ್ವ. ಒಂದು ಕಮ್ಮಿಯಾದ್ರ ಯಾವ್ದು ಕಮ್ಮಿ ಅಂತ ಗೊತ್ತಾಗ್ಬ್ಯಾಡ್ವಾ?” ಎಂದಿದ್ದರು.

ಸುರಕ್ಷತಾ ಸ್ಪರ್ಧೆಗಳೆಂದರೆ ಅವರಿಗೆ ಪ್ರಾಣ. ವರ್ಷಕ್ಕೊಮ್ಮೆ ಸುತ್ತಿನ ಗಣಿಗಳೂ ಕ್ವಾರಿಗಳೂ ಸೇರಿ ಸುರಕ್ಷತಾ ಸಪ್ತಾಹ ನಡೆಸುತ್ತಿದ್ದವು. ಒಂದು ಗಣಿಯವರು ಇನ್ನೊಂದಕ್ಕೆ ಹೋಗಿ ಪರೀಕ್ಷಿಸಿ ಅಂಕ ಕೊಡುವುದು, ಪ್ರಥಮ ಚಿಕಿತ್ಸೆಯ ಪಂದ್ಯ, ಘೋಷಣೆ ಬರೆಯುವ ಪಂದ್ಯ, ಮೇಟುಗಳಿಗೇ ಒಂದು ಪಂದ್ಯ. ಮೇಟುಗಳ ಪಂದ್ಯದಲ್ಲಿ ತೀರ್ಪುಗಾರರು ಬೇಕೆಂದೇ ಹತ್ತು ತಪ್ಪುಗಳನ್ನು ಕ್ವಾರಿಯಲ್ಲಿ ಇಟ್ಟಿರುತ್ತಾರೆ. ಸವೆದ ಹಗ್ಗ, ಒರಗಿಸಿದ ಮುರುಕು ಏಣಿ, ಹೆಲ್ಮೆಟ್ ಇಲ್ಲದ ಆಳು, ಹೀಗೆ. ಅವನ್ನು ಹುಡುಕಿ ಹೇಳಬೇಕು. ಒಂದು ವರ್ಷ ನಮ್ಮವರು ಎಂಟನ್ನು ಹುಡುಕಿ, ಅಲ್ಲಿ ಯಾರೂ ಇಡದ ಒಂಬತ್ತನೆಯದೊಂದನ್ನೂ ತೋರಿಸಿದರು. ತೀರ್ಪುಗಾರರು ಕುಳಿತಿದ್ದ ಶಾಮಿಯಾನದ ಹಿಂದಿನ ಬಂಡೆ ಸಡಿಲವಾಗಿದೆ ಎಂದರು.

“ಅದು ನಮ್ಮ ಪಟ್ಟಿಯಲ್ಲಿಲ್ಲ,” ಎಂದರು ತೀರ್ಪುಗಾರರು.

“ಪಟ್ಟೀಲಿಲ್ದೇ ಇದ್ರ ಬೀಳಲ್ವಾ ಸಾ?”

ಎಲ್ಲರೂ ನಕ್ಕರು, ಕುರ್ಚಿಗಳನ್ನು ಎರಡು ಮಾರು ಮುಂದಕ್ಕೆ ಹಾಕಿಕೊಂಡರು, ಇವರಿಗೆ ಎರಡನೆಯ ಬಹುಮಾನ ಕೊಟ್ಟರು. ಸ್ಟೀಲ್ ಬಿಂದಿಗೆ. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವರು ಮನೆಗೆ ಒಯ್ಯದೆ ಕ್ವಾರಿಯ ಶೆಡ್ಡಿನಲ್ಲಿ ಕುಡಿಯುವ ನೀರಿಗೆ ಇಟ್ಟರು.

ನನಗೆ ಆ ಸ್ಪರ್ಧೆಗಳು ತಮಾಷೆಯಾಗಿ ಕಾಣುತ್ತಿದ್ದವು. ಅದನ್ನು ಅವರಿಗೆ ಹೇಳಿಯೂ ಇದ್ದೆ. ಅವರು ಸಿಟ್ಟಾಗಲಿಲ್ಲ. “ನೀವು ಬರಕ್ ಮುಂಚ ನೋಡ್ಬೇಕಿತ್ತು. ಟೋಪಿ ಇಲ್ಲ, ಹಗ್ಗ ಇಲ್ಲ, ನೀರಿಲ್ಲ. ನಾವು ಕೇಳುದ್ರ ಓನರ್ರು ಕೊಡಾರಾ? ಪಕ್ಕದ್ ಕ್ವಾರಿಯೋರ್ಗ ಕಪ್ಪು ಬಂತು ಅಂದೇಟ್ಗ ಎಲ್ಲಾ ಬಂತು. ಬಹುಮಾನದ್ ಆಸಗಾದ್ರೂ ಮಾಡ್ಲಿ ಬುಡಿ,” ಎಂದರು. ಅದು ನಿಜವೇ. ಹೆಲ್ಮೆಟ್ಟು, ಕಾಲಿನ ಬೂಟು, ನೆರಳಿನ ಶೆಡ್ಡು, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಬಂಡೆ, ಎಲ್ಲವೂ ಸ್ಪರ್ಧೆಯ ದೆಸೆಯಿಂದಲೇ ಬಂದಿದ್ದವು. ಬಾರದೆ ಉಳಿದದ್ದು ಒಂದೇ. ಕ್ವಾರಿಯ ಪಡುವಣ ಮೂಲೆಯಲ್ಲಿ ಮೇಲಿನ ಬಂಡೆ ಚಾಚಿಕೊಂಡು ಕೆಳಗೆ ಒಳ್ಳೆಯ ನೆರಳು ಬೀಳುತ್ತಿತ್ತು. ಆಳುಗಳು ಅದನ್ನು ಕೊಡೆಬಂಡೆ ಎನ್ನುತ್ತಿದ್ದರು. ಬಿಸಿಲಿಗೆ ಅಲ್ಲಿ ಕುಳಿತು ಉಣ್ಣಲು ಎಲ್ಲರಿಗೂ ಆಸೆ. ಏಟು ಕೊಟ್ಟರೆ ಡಬ್ಬದ ದನಿ ಬರುತ್ತದೆ ಎಂದು ಮೇಟ್ ಯಾರನ್ನೂ ಕೂರಗೊಡುತ್ತಿರಲಿಲ್ಲ. ಆದರೆ ಕಲ್ಲು ಸಾಗಿಸುವ ದಾರಿ ಅದರ ಕೆಳಗೇ ಇತ್ತು. ದಿನಕ್ಕೆ ಹತ್ತು ಸಲ ಇಪ್ಪತ್ತು ಜನ ಅಲ್ಲಿ ಓಡಾಡಲೇಬೇಕು. ಅದನ್ನು ಒಡೆದು ಇಳಿಸಿಬಿಡಿ ಎಂದು ಅವರು ಎರಡು ವರ್ಷ ಗೋಗರೆದಿದ್ದರು. ಅದಕ್ಕೆ ತಿಂಗಳುಗಟ್ಟಲೆ ಕೆಲಸ ನಿಲ್ಲಿಸಬೇಕು ಎಂದು ಮಾಲೀಕರು ತಳ್ಳುತ್ತಾ ಬಂದರು. ಕೊನೆಗೆ ಒಂದು ವರ್ಷ, “ಈ ಸಲ ಒಟ್ಟು ಬಹುಮಾನ ನಮಗೆ ಬಂದರೆ ಇಳಿಸೋಣ” ಎಂದು ಮ್ಯಾನೇಜರ್ ಮುಖಾಂತರ ಹೇಳಿ ಕಳಿಸಿದರು.

ಒಟ್ಟು ಬಹುಮಾನಕ್ಕೆ ಒಂದು ಷರತ್ತು ದೊಡ್ಡದು. ವರ್ಷದಲ್ಲಿ ಯಾರೂ ಗಾಯವಾಗಿ ಮೂರು ದಿನಕ್ಕಿಂತ ಹೆಚ್ಚು ಕೆಲಸ ತಪ್ಪಿಸಿಕೊಂಡಿರಬಾರದು.

ಆ ವರ್ಷ ಪ್ರಥಮ ಚಿಕಿತ್ಸೆಯ ಪಂದ್ಯಕ್ಕೆ ನಮ್ಮ ತಂಡ ದಿನಾ ಮಧ್ಯಾಹ್ನ ಅಭ್ಯಾಸ ಮಾಡುತ್ತಿತ್ತು. ಪೆಟ್ಟು ತಿಂದವನ ಪಾತ್ರ ಸಿದ್ದರಾಜುವಿನದು. ಬದನವಾಳು ಕಡೆಯ ಹಳ್ಳಿಯವನು, ಜಾಕ್‌ಹ್ಯಾಮರ್ ಹಿಡಿದು ಬಂಡೆ ಕೊರೆಯುವವನು, ಇಪ್ಪತ್ತೈದು ದಾಟಿತ್ತೋ ಇಲ್ಲವೋ. ಮದುವೆಯಾಗಿ ಒಂದು ವರ್ಷ. ಬಾಯಿ ಬಹಳ. ನಾನು ಸ್ಪರ್ಧೆಗೆಂದು ಘೋಷಣೆಗಳನ್ನು ಬರೆದು ಬೋರ್ಡುಗಳನ್ನು ನೆಡಿಸುತ್ತಿದ್ದಾಗ ಬಂದು ನಿಂತು, “ಬೋ ಚೆನ್ನಾಗವ ಮೇಡಮ್ಮೋರೇ. ನಂಗೂ ಓದಕ್ಕ ಬರಲ್ಲ, ಕಲ್ಗೂ ಓದಕ್ಕ ಬರಲ್ಲ,” ಎಂದಿದ್ದ. ದಿನಾ ಮಧ್ಯಾಹ್ನ ಅವನು ಕಾಲು ಮುರಿದುಕೊಂಡು ಬೀಳುತ್ತಿದ್ದ, ಅಯ್ಯಯ್ಯೋ ಅವ್ವಾ ಎಂದು ಕೂಗುತ್ತಿದ್ದ, ನಾಲ್ಕು ಜನ ಓಡಿಬಂದು ಕಾಲಿಗೆ ದಬ್ಬೆ ಕಟ್ಟಿ ಎತ್ತುತ್ತಿದ್ದರು. ಅವನ ನರಳಾಟ ಎಷ್ಟು ಚೆನ್ನಾಗಿತ್ತೆಂದರೆ ಬೇರೆಯವರು ಕೆಲಸ ಬಿಟ್ಟು ನೋಡಲು ಬರುತ್ತಿದ್ದರು.

ಪರೀಕ್ಷಕರು ಬರಲು ಹತ್ತು ದಿನವಿತ್ತು. ದಾರಿಯ ಅಂಚಿಗೆ ದೊಡ್ಡ ಕಲ್ಲುಗಳನ್ನು ಸಾಲಾಗಿಟ್ಟು ಸುಣ್ಣ ಹೊಡೆಸಿದರೆ ಅಂದವಾಗಿ ಕಾಣುತ್ತದೆ, ಅಂಕವೂ ಸಿಗುತ್ತದೆ ಎಂದು ತೀರ್ಮಾನವಾಯಿತು. ಆ ದಿನದ ಮಟ್ಟಿಗೆ ಕೊರೆಯುವ ಕೆಲಸ ಬಿಡಿಸಿ ಸಿದ್ದರಾಜುವನ್ನೂ ಅದಕ್ಕೆ ಹಚ್ಚಿದರು. ಸುಣ್ಣ ಮೆತ್ತಿ ಬೂಟು ಹಾಳಾದೀತೆಂದು ಅವನು ಬೂಟು ಬಿಚ್ಚಿಟ್ಟಿದ್ದ. ಪರೀಕ್ಷಕರು ಬಂದಾಗ ಬೂಟು ಹೊಸದಾಗಿ ಕಾಣಬೇಕಲ್ಲ. ಹಾರೆ ಜಾರಿತು, ಕಲ್ಲು ಉರುಳಿ ಬಲಗಾಲಿನ ಮೇಲೆ ಕುಳಿತಿತು.

ಅವನು ಕೂಗಿದ. ದಿನಾ ಕೂಗುವ ಹಾಗೆಯೇ ಇತ್ತು. “ಏಯ್ ಎದ್ದೇಳ್ಲಾ, ಇನ್ನೂ ಊಟದ್ ಒತ್ತೇ ಆಗಿಲ್ಲ, ಈಗ್ಲೇ ಸುರು ಮಾಡ್ಕಂಡ,” ಎಂದು ಯಾರೋ ನಕ್ಕರು. ನಾನೂ ನಕ್ಕೆ. ಇದು ದಿನಚರಿಯಲ್ಲಿಲ್ಲ, ಆದರೆ ಇದರ ಬಗ್ಗೆ ನನಗೆ ಅನುಮಾನವಿಲ್ಲ. ಮೇಟ್ ಮಾತ್ರ ನಗಲಿಲ್ಲ. ದೂರದಲ್ಲಿ ಹಾರೆ ಬಿಸಾಕಿ ಓಡಿಬರುತ್ತಿದ್ದರು.

ನಂಜನಗೂಡಿನ ಡಾಕ್ಟರೊಬ್ಬರು ಕಟ್ಟು ಹಾಕಿ, ಮೈಸೂರಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಬೇಕು, ಕಾಲು ಕೆಳಗಿಡಕೂಡದು ಎಂದರು. ಸಂಜೆ ಆಫೀಸಿನಲ್ಲಿ ಮ್ಯಾನೇಜರು, ಮೇಟ್ ಮತ್ತು ನಾನು ಮೂವರೇ ಇದ್ದೆವು.

“ಮೈಸೂರಿಗೆ ಸೇರಿಸಿದರೆ ರಜೆ ಆಗುತ್ತೆ. ರಜೆ ಆದರೆ ಅಪಘಾತ ಅಂತ ಬರೀಬೇಕು. ಬರೆದರೆ ಬಹುಮಾನ ಇಲ್ಲ. ಹತ್ತು ದಿನ ತಾನೇ, ಶೆಡ್ಡಲ್ಲಿ ಬಂದು ಕೂತ್ಕೊಳ್ಳಲಿ,” ಎಂದರು ಮ್ಯಾನೇಜರು. “ಕೂತ್ಕೊಳ್ಳೋಕೆ ಕಾಲು ಬೇಕಾ?”

ಮೇಟ್ “ಕೊಡೆಬಂಡೆ ಇಳುಸ್ತೀನಿ ಅಂದವ್ರಲ್ಲ ಓನರ್ರು. ಅದು ದಿಟುವಾ ಸಾ?” ಎಂದರು.

“ಮಾತು ಕೊಟ್ಟಿದ್ದಾರಲ್ಲ.”

“ಅಂಗಾರ ನಾನೇ ದಿನಾ ಕರ್ಕಬತ್ತೀನಿ.”

ಹೊರಗೆ ಬಂದ ಮೇಲೆ ನಾನು ಏನಾದರೂ ಕೇಳಬಹುದು ಎಂದುಕೊಂಡರೋ ಏನೋ, ಅವರಾಗಿಯೇ ಹೇಳಿದರು: “ಒಂದು ಕಾಲು ಒಂದ್ಕಡ, ಇಪ್ಪತ್ತು ತಲ ಒಂದ್ಕಡ ಕನವ್ವ.” ನಾನು ಏನೂ ಕೇಳಲಿಲ್ಲ.

ಮರುದಿನದಿಂದ ಜೀಪು ಹೋಗಿ ಸಿದ್ದರಾಜುವನ್ನು ತರುತ್ತಿತ್ತು. ಮೇಟ್ ಹಿಂದಿನ ಸೀಟಿನಲ್ಲಿ ಅವನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಅವನ ಹೆಂಡತಿ ಬಾಗಿಲಲ್ಲಿ ನಿಂತು ಜೀಪಿಗೆ ಶಾಪ ಹಾಕುತ್ತಿದ್ದಳಂತೆ. ಶೆಡ್ಡಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಕಾಲಿನ ಮೇಲೆ ಗೋಣಿ ಹೊದಿಸುತ್ತಿದ್ದರು. ನಾನು ಹಾಜರಿ ಪುಸ್ತಕ ಒಯ್ದು ಹೆಬ್ಬೆಟ್ಟು ಹಾಕಿಸಿಕೊಂಡು, ಪಕ್ಕದಲ್ಲಿ “ಹಗುರ ಕೆಲಸ” ಎಂದು ಬರೆಯುತ್ತಿದ್ದೆ. ಆ ಎರಡು ಪದ ಮ್ಯಾನೇಜರು ಹೇಳಿಕೊಟ್ಟದ್ದೋ ನಾನೇ ಹುಡುಕಿದ್ದೋ ನೆನಪಿಲ್ಲ. ಪದ ಹುಡುಕುವುದು ಅಲ್ಲಿ ನನ್ನ ಕೆಲಸವಾಗಿತ್ತು. ಮೊದಲ ಎರಡು ದಿನ ಸಿದ್ದರಾಜು ತಮಾಷೆ ಮಾಡಿದ: “ನೋಡಿ ಮೇಡಮ್ಮೋರೇ, ನಂಗೂ ಆಪೀಸರ್ ಕೆಲ್ಸ ಸಿಕ್ತು.” ನಾಲ್ಕನೆಯ ದಿನದ ಹೊತ್ತಿಗೆ ಮಾತು ನಿಂತಿತು. ಆರನೆಯ ದಿನ ಜ್ವರ. ಮೇಟ್ ಹೋಗಿ ಮ್ಯಾನೇಜರಿಗೆ ಹೇಳಿದರು. ಇನ್ನು ಮೂರೇ ದಿನ, ಮಾತ್ರೆ ಕೊಡಿ ಎಂದರು ಮ್ಯಾನೇಜರು. ಮಾತ್ರೆ ಕೊಟ್ಟವಳು ನಾನು.

ಪರೀಕ್ಷಕರು ಬಂದರು. ಬೇರೆ ಗಣಿಯ ವಯಸ್ಸಾದ ಇಂಜಿನಿಯರೊಬ್ಬರು ಮುಖ್ಯಸ್ಥರು. ಸುಣ್ಣದ ಕಲ್ಲು, ಬೋರ್ಡು, ಪುಸ್ತಕ, ಎಲ್ಲ ನೋಡಿ ಮೆಚ್ಚಿಕೊಂಡರು. ಕೊನೆಯದಾಗಿ, ಮದ್ದು ಸಿಡಿಸುವ ಮುಂಚಿನ ಕ್ರಮವನ್ನು ಮಾಡಿ ತೋರಿಸಿ ಎಂದರು. ಸೈರನ್ ಊದಿದರು. ಮೇಟ್ ಎಂದಿನ ಜಾಗದಲ್ಲಿ ನಿಂತು ಹೆಸರು ಕರೆಯತೊಡಗಿದರು. ಒಬ್ಬೊಬ್ಬರೇ “ಇವ್ನಿ” ಎಂದು ನಡೆದು ಮರೆಗೆ ಹೋದರು. ಪರೀಕ್ಷಕರು ತಲೆದೂಗುತ್ತಿದ್ದರು.

“ಸಿದ್ದರಾಜು.”

ಯಾರೂ ಬರಲಿಲ್ಲ. ಮ್ಯಾನೇಜರು ಕಣ್ಣಲ್ಲೇ ಏನೋ ಸನ್ನೆ ಮಾಡಿದರು. ಮೇಟ್ ಆ ಕಡೆ ನೋಡಲಿಲ್ಲ.

“ಸಿದ್ದರಾಜು.”

ಶೆಡ್ಡಿನೊಳಗಿಂದ ಸಣ್ಣ ದನಿ: “ಇವ್ನಿ ಕನಣ್ಣ.”

“ನಡ್ಕಂಡು ಬಾ ಈಚ್ಗ.”

ಅವನು ಎದ್ದ. ಗೋಣಿ ಜಾರಿತು. ಕಂಬ ಹಿಡಿದು ಎರಡು ಹೆಜ್ಜೆ ಕುಪ್ಪಳಿಸಿ ಅಲ್ಲೇ ಕುಸಿದ. ಇಂಜಿನಿಯರು ಹೋಗಿ ಬಗ್ಗಿ ಕಟ್ಟು ಸಡಿಲಿಸಿದರು, ಮುಖ ತಿರುಗಿಸಿದರು. ವಾಸನೆ ನಮ್ಮವರೆಗೂ ಬಂತು.

“ಎಷ್ಟು ದಿನ ಆಯ್ತು?” ಎಂದು ಕೇಳಿದರು.

ಮೇಟ್ ತಡಮಾಡಲಿಲ್ಲ. “ಒಂಬತ್ತು ದಿವ್ಸ ಸಾ. ನಾನೇ ಕರ್ಕಬಂದು ಕೂರ್ಸ್ತಿದ್ದಿ.”

ಇಂಜಿನಿಯರು ಹಾಜರಿ ಪುಸ್ತಕ ಕೇಳಿದರು. ಕೊಟ್ಟೆ. ಒಂಬತ್ತೂ ಸಾಲನ್ನು ಬೆರಳಿಟ್ಟು ಓದಿ, “ಅಕ್ಷರ ಚೆನ್ನಾಗಿದೆ,” ಎಂದು ಹಿಂದಿರುಗಿಸಿದರು. ತಮ್ಮ ಜೀಪಿನಲ್ಲೇ ಅವನನ್ನು ಮೈಸೂರಿಗೆ ಒಯ್ದರು. ಬೆರಳುಗಳ ಜೊತೆಗೆ ಅರ್ಧ ಪಾದ ತೆಗೆಯಬೇಕಾಯಿತು. ನಾಲ್ಕು ದಿನ ಮೊದಲೇ ಬಂದಿದ್ದರೆ ಎರಡು ಬೆರಳು ಮಾತ್ರ ಹೋಗುತ್ತಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರೆಂದು ಕೇಳಿದೆ.

ಬಹುಮಾನ ಬರಲಿಲ್ಲ. ವಿಚಾರಣೆ ನಡೆದು ಕ್ವಾರಿಯನ್ನು ನಿಲ್ಲಿಸಿದರು. ಮಾಲೀಕರು ಮತ್ತೆ ತೆರೆಯಲಿಲ್ಲ. ಒಂದು ಹೆಸರು ಕರೆದು ಎಲ್ಲರ ಅನ್ನ ಕಿತ್ತುಕೊಂಡ ಎಂದು ಆಳುಗಳೇ ಅವರನ್ನು ಬೈದರು. ಒಬ್ಬ ಅವರ ಮುಂದೆಯೇ ಉಗಿದನಂತೆ. ಕೊಡೆಬಂಡೆ ಈಗಲೂ ಹಾಗೆಯೇ ಇದೆ. ಬಿದ್ದಿಲ್ಲ. ಅದರ ಮೇಲೆ ಅರಳಿ ಗಿಡ ಹುಟ್ಟಿದೆ. ಅದು ಬೀಳುತ್ತಿತ್ತೋ ಇಲ್ಲವೋ, ಅವರ ಕಿವಿ ಕೇಳಿದ್ದು ಸರಿಯೋ ತಪ್ಪೋ, ಇನ್ನು ಯಾರಿಗೂ ತಿಳಿಯುವಂತಿಲ್ಲ.

ಅವರು ಆ ಹೆಸರನ್ನು ಬೇಕೆಂದೇ ಕರೆದರೇ? ಓದುಬಾರದವರು, ಬಾಯಿಪಾಠದ ಸಾಲು, ನಾಲಿಗೆ ತಾನಾಗಿ ಹೊರಳಿತೇ? ಆ ಒಂಬತ್ತು ದಿನಗಳಲ್ಲೂ ಮದ್ದು ಸಿಡಿದಿತ್ತು. ಆಗೆಲ್ಲ ಅವರು ಸಿದ್ದರಾಜುವಿನ ಹೆಸರು ಬಿಟ್ಟೇ ಕರೆಯುತ್ತಿದ್ದರು ಎಂದು ನನ್ನ ನೆನಪು. ಹಾಗಾದರೆ ಅಂದು ಕರೆದದ್ದು ಉದ್ದೇಶಪೂರ್ವಕ. ಕಂಪ್ರೆಸರಿನವನು ಬೇರೆ ಹೇಳುತ್ತಾನೆ: ದಿನಾ ಕರೆಯುತ್ತಿದ್ದರು, ಅವನು ಶೆಡ್ಡಿನಿಂದಲೇ ಉತ್ತರ ಕೊಡುತ್ತಿದ್ದ, ಅಂದು ಹೊಸದಾಗಿ ಬಂದದ್ದು “ನಡ್ಕಂಡು ಬಾ” ಎಂಬುದೊಂದೇ. ದಿನಚರಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಆ ಒಂಬತ್ತು ದಿನ ನಾನು ಬೋರ್ಡಿನ ಬಣ್ಣದ ಬಗ್ಗೆ, ಸೆಕೆಯ ಬಗ್ಗೆ, ಒಂದು ತಲೆನೋವಿನ ಬಗ್ಗೆ ಬರೆದಿದ್ದೇನೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಮ್ಮೆ ಅವರು ನರಸೀಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಮೊಮ್ಮಗಳನ್ನು ಕರೆದುಕೊಂಡು ಮುಡುಕುತೊರೆಯ ದೇವಸ್ಥಾನಕ್ಕೆ ಹೊರಟಿದ್ದರು. ಕಿವಿ ಮಂದವಾಗಿತ್ತು. ಅಂಥ ಕಿವಿ. ಕುಶಲ ಕೇಳಿದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ: “ಅವತ್ತು ಅವನ ಹೆಸರು ಯಾಕೆ ಕರೆದ್ರಿ?” ಎರಡು ಸಲ ಕೂಗಿ ಹೇಳಬೇಕಾಯಿತು, ಸುತ್ತಲಿದ್ದವರು ತಿರುಗಿ ನೋಡಿದರು.

“ಯಾಕ್ ಕರ್ದೆ ಅಂತ ಎಲ್ರೂ ಕೇಳ್ತಾರ ಕನವ್ವ,” ಎಂದರು. “ಯಾಕ್ ಕೂರ್ಸ್ದೆ ಅಂತ ಯಾರೂ ಕೇಳಲ್ಲ.” ಬಸ್ಸು ಬಂತು. ಮೊಮ್ಮಗಳನ್ನು ಮೊದಲು ಹತ್ತಿಸಿ ತಾವು ಹತ್ತಿದರು.

ಸುದ್ದಿ ತಿಳಿದ ಮೇಲೆ ತಿಥಿಗೆ ಹೋದೆ. ನರಸೀಪುರದಾಚೆಯ ಅವರ ಊರಿನಲ್ಲಿ, ಮನೆಯ ಮುಂದೆ ಹಾಕಿದ್ದ ಚಪ್ಪರದಡಿ ಊಟಕ್ಕೆ ಎಲೆ ಹಾಸುತ್ತಿದ್ದರು. ಕಂಬಕ್ಕೆ ಒರಗಿ ಕುಳಿತಿದ್ದವನು ನನ್ನನ್ನು ನೋಡಿ ಊರುಗೋಲು ಹಿಡಿದು ಏಳಲು ಹೋದ. ಸಿದ್ದರಾಜು. ಕೂತ್ಕೋ ಎಂದು ನಾನು ಪಕ್ಕದಲ್ಲೇ ಕುಳಿತೆ. ಊರಿನಲ್ಲಿ ಸಣ್ಣದೊಂದು ಅಂಗಡಿ ಇಟ್ಟಿದ್ದೇನೆ ಎಂದ. ತಲೆಯಲ್ಲಿ ನರೆ ಬಂದಿತ್ತು.

“ಇವ್ರು ಬತ್ತಿದ್ರು ಮೇಡಮ್ಮೋರೇ,” ಎಂದ, ಮನೆಯ ಕಡೆ ಕೈ ತೋರಿಸಿ. “ತಿಂಗ್ಳಿಗೊಂದ್ಸಲನಾದ್ರೂವ. ಮೊದ್ಮೊದ್ಲು ನನ್ನೆಂಡ್ತಿ ಒಳಕ್ಕೇ ಬುಡ್ತಿರ್ನಿಲ್ಲ. ಈಚಲೇ ಕೂತಿದ್ದು ಓಗೋರು. ಆಮೇಲಾಮೇಲೆ ಅವ್ಳೇ ಕಾಪಿ ಕೊಟ್ಲು. ಬಂದು ಕೂತ್ಕಳದು, ಕಾಲ್ನೇ ನೋಡದು. ಮಾತಿಲ್ಲ ಕತೆ ಇಲ್ಲ. ಒಂದಿನ ನಂಗೇ ರೇಗೋಯ್ತು. ‘ಅಣ್ಣ, ಇಂಗ್ ನೋಡುದ್ರ ಬೆಳದದಾ ಅದು?’ ಅಂದ್ಬುಟ್ಟಿ. ಇಬ್ರೂ ನಗಾಡ್ಬುಟ್ಟೊ.”

“ಏನಾದರೂ ಹೇಳಿದ್ರಾ ಅವರು, ಆ ದಿನಗಳ ಬಗ್ಗೆ?”

“ಇಲ್ಲ. ಏನ್ ಯೋಳದು? ಬತ್ತಿದ್ರಲ್ಲ.”

ಊಟಕ್ಕೆ ಕೂರಿ ಎಂದು ಯಾರೋ ಕೂಗಿದರು. ಅವನು ಊರುಗೋಲು ಹುಡುಕುತ್ತಾ, ಮಾತಿಗೆ ಮಾತು ಸೇರಿಸುವವನಂತೆ ಕೇಳಿದ: “ನೀವು ಎಲ್ಲಿದ್ರಿ ಮೇಡಮ್ಮೋರೇ, ಇಷ್ಟು ವರ್ಸ?”

ಕ್ವಾರಿ ಮುಚ್ಚಿದ ಮೂರನೆಯ ತಿಂಗಳಿನಿಂದ ನಾನು ಇದ್ದದ್ದು ಮೈಸೂರಿನಲ್ಲಿ. ಅವನ ಊರಿಗೆ ಬಸ್ಸಿನಲ್ಲಿ ಒಂದು ಗಂಟೆ.

“ಮೈಸೂರಲ್ಲೇ,” ಎಂದೆ.

ಅವನು ಕೋಲೂರಿ ಎದ್ದು ನಿಂತು, ನಾನೂ ಏಳಲೆಂದು ಇನ್ನೊಂದು ಕೈ ಚಾಚಿದ.

“ಹೂಂ,” ಎಂದ. “ಮೈಸೂರು ದೂರನೇ ಬುಡಿ.”